ಗಲ್ಫ್‌ನಲ್ಲಿ ಟೀಚರ್ ಆಗುತ್ತೀರಾ? ಗೆದ್ದು ನಿಲ್ಲಲು 12 ಸೂತ್ರಗಳು

ಜನವರಿ ಬಂತೆಂದರೆ ದುಬೈ, ಶಾರ್ಜಾ, ಅಬುಧಾಬಿಯ ಇಂಡಿಯನ್ ಸ್ಕೂಲ್‌ಗಳಲ್ಲಿ ಇಂಟರ್‌ವ್ಯೂ ಸೀಸನ್ ಶುರು. ಅಲ್ಲಿಯ ಭಾರತೀಯ ಪಠ್ಯಕ್ರಮದ ಶಾಲೆಗಳಿಗೂ ಹೊಸ ವರ್ಷ ಏಪ್ರಿಲ್‌ನಲ್ಲೇ ಆರಂಭ. ದುಬೈನ ಇಂಡಿಯನ್ ಹೈಸ್ಕೂಲ್ ಹುಟ್ಟಿದ್ದು 1961ರಲ್ಲಿ, ಅಂದರೆ ಯುಎಇ ಎಂಬ ದೇಶ ಹುಟ್ಟುವುದಕ್ಕೂ 10 ವರ್ಷ ಮೊದಲು. ಅಂದಿನಿಂದ ಇಂದಿನವರೆಗೆ ಅಲ್ಲಿ ಭಾರತದ ಶಿಕ್ಷಕರಿಗೆ ಬೇಡಿಕೆ ಇದ್ದೇ ಇದೆ. ಆ ಕುರ್ಚಿಗಳಲ್ಲಿ ಒಂದು ನಿಮ್ಮದಾಗಬೇಕು, ಅದರಲ್ಲಿ ನೀವು ತಲೆ ಎತ್ತಿ ಕೂರಬೇಕು. ಅದಕ್ಕೆ ಬೇಕಾದ ತಯಾರಿ ಇಲ್ಲಿದೆ.

1. "ನನ್ನ ಇಂಗ್ಲಿಷ್ ಸಾಲದು" ಎನ್ನುವುದನ್ನು ಇವತ್ತೇ ನಿಲ್ಲಿಸಿ.

ಕನ್ನಡ ಮೀಡಿಯಂನಲ್ಲಿ ಓದಿದವರು ಅರ್ಜಿ ಹಾಕುವ ಮೊದಲೇ ಹಿಂದೆ ಸರಿಯುವುದು ಈ ಮಾತಿನಿಂದ. ಇದು ಒಂದು ಅಭ್ಯಾಸ, ಅಷ್ಟೇ. ಅಭ್ಯಾಸವನ್ನು ಅಭ್ಯಾಸದಿಂದಲೇ ಬಿಡಿಸಿ. ದಿನಾ 10 ನಿಮಿಷದ ಒಂದು ಪಾಠವನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಕೇಳಿ, ಉದ್ದ ವಾಕ್ಯಗಳನ್ನು ಕತ್ತರಿಸಿ, ಮತ್ತೆ ಹೇಳಿ. ಡೆಮೊ ಕ್ಲಾಸ್‌ನಲ್ಲಿ ಪ್ರಿನ್ಸಿಪಾಲರು ನೋಡುವುದು ಮಗುವಿಗೆ ನಿಮ್ಮ ಸೂಚನೆ ಒಂದೇ ಸಲಕ್ಕೆ ಅರ್ಥವಾಯಿತೇ ಎಂಬುದನ್ನು. ಆ ತರಗತಿಯಲ್ಲಿ ಕೇರಳ, ತಮಿಳುನಾಡು, ಪಂಜಾಬ್ ಮೂಲದ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಅಲ್ಲಿ ಚೆಂದದ ಆಕ್ಸೆಂಟ್‌ಗಿಂತ ಬಿಡಿಬಿಡಿಯಾದ ಸ್ಪಷ್ಟ ಮಾತೇ ಹೆಚ್ಚು ಕೆಲಸ ಮಾಡುತ್ತದೆ.

2. ಮೊದಲು ಪೇಪರ್, ಆಮೇಲೆ ಟಿಕೆಟ್.

ಡಿಗ್ರಿ ಮತ್ತು ಬಿ.ಎಡ್ ಒರಿಜಿನಲ್ ಸರ್ಟಿಫಿಕೇಟ್‌ಗಳನ್ನು ಅಟೆಸ್ಟೇಷನ್‌ಗೆ ಈಗಲೇ ಕೊಡಿ. ಸಾಮಾನ್ಯ ದಾರಿ ಇದು: ಮೊದಲು ರಾಜ್ಯ ಸರ್ಕಾರದ ದೃಢೀಕರಣ, ನಂತರ ದೆಹಲಿಯ ವಿದೇಶಾಂಗ ಸಚಿವಾಲಯ, ನಂತರ ಯುಎಇ ರಾಯಭಾರ ಕಚೇರಿ, ಕೊನೆಗೆ ಯುಎಇಯ ವಿದೇಶಾಂಗ ಸಚಿವಾಲಯ. "ಅಪೊಸ್ಟಿಲ್ ಮಾಡಿಸಿದರೆ ಸಾಕು" ಎನ್ನುವವರ ಮಾತು ಕೇಳಬೇಡಿ. ಯುಎಇ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿಲ್ಲ. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಪಡೆಯಿರಿ. ಮಾರ್ಕ್ಸ್‌ಕಾರ್ಡ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ತಂದೆಯ ಪೂರ್ಣ ಹೆಸರು ಇದ್ದರೆ ಊರಲ್ಲಿರುವಾಗಲೇ ಸರಿಪಡಿಸಿ. ನಮ್ಮ ಕಡೆಯ ಹೆಸರುಗಳಲ್ಲಿ ಈ ತೊಡಕು ಸಾಮಾನ್ಯ, ಅಲ್ಲಿ ಕೂತು ಬಿಡಿಸುವುದು ತಲೆನೋವು.

3. ಆಫರ್ ಲೆಟರ್‌ನಲ್ಲಿ ಬೇಸಿಕ್ ಎಷ್ಟು ನೋಡಿ.

ಎಲ್ಲರೂ ಒಟ್ಟು ಸಂಬಳ ನೋಡಿ ಖುಷಿಪಡುತ್ತಾರೆ. ನೀವು ಅದರೊಳಗಿನ ಬೇಸಿಕ್ ನೋಡಿ. ಕಾರಣ ಗ್ರಾಚ್ಯುಯಿಟಿ. ಯುಎಇ ಕಾನೂನಿನಂತೆ ಒಂದು ವರ್ಷ ಪೂರೈಸಿದವರಿಗೆ, ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನಗಳ, ಆನಂತರ ವರ್ಷಕ್ಕೆ 30 ದಿನಗಳ ಬೇಸಿಕ್ ಸಂಬಳ ಗ್ರಾಚ್ಯುಯಿಟಿಯಾಗಿ ಸಿಗಬೇಕು. ಲೆಕ್ಕ ಹಾಕಿ. ಒಟ್ಟು ಸಂಬಳ 5,000 ದಿರ್ಹಮ್, ಬೇಸಿಕ್ 2,000 ಇದ್ದರೆ ಐದು ವರ್ಷಕ್ಕೆ ಬರುವುದು 7,000 ದಿರ್ಹಮ್. ಅದೇ 5,000ದಲ್ಲಿ ಬೇಸಿಕ್ 3,500 ಇದ್ದರೆ 12,250. ಕೆಲಸ ಒಂದೇ, ವರ್ಷ ಅಷ್ಟೇ, ವ್ಯತ್ಯಾಸ 5,250 ದಿರ್ಹಮ್. ಸಹಿ ಹಾಕುವ ಮೊದಲು ಬೇಸಿಕ್ ಹೆಚ್ಚಿಸಲು ಕೇಳಿ. ಕೇಳುವುದು ಉದ್ಧಟತನವಲ್ಲ, ಅದು ಉದ್ಯೋಗಿಯ ಜವಾಬ್ದಾರಿ.

ಜೊತೆಗೆ ಇವನ್ನೂ ಬರವಣಿಗೆಯಲ್ಲಿ ಪಡೆಯಿರಿ: ವಸತಿ ಶಾಲೆಯದೋ ನಿಮ್ಮದೋ, ಬೇಸಿಗೆ ರಜೆಯ ಜುಲೈ-ಆಗಸ್ಟ್ ಸಂಬಳ ಬರುತ್ತದೋ ಇಲ್ಲವೋ, ಊರಿಗೆ ವಿಮಾನ ಟಿಕೆಟ್ ವರ್ಷಕ್ಕೋ ಎರಡು ವರ್ಷಕ್ಕೋ, ನಿಮ್ಮ ಮಕ್ಕಳ ಫೀಸ್‌ನಲ್ಲಿ ಎಷ್ಟು ರಿಯಾಯಿತಿ. ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ. ಗಂಡನ ವೀಸಾದಲ್ಲಿ ಇರುವ ಮಹಿಳೆಯರೇ, ನಿಮಗೂ ಶಾಲೆಯ ಹೆಸರಿನಲ್ಲಿ ವರ್ಕ್ ಪರ್ಮಿಟ್ ಬೇಕೇ ಬೇಕು. "ಆಮೇಲೆ ಮಾಡಿಸೋಣ ಮೇಡಂ" ಎಂದರೆ ಒಪ್ಪಬೇಡಿ. ಪರ್ಮಿಟ್ ಇಲ್ಲದೆ ಕೆಲಸ ಮಾಡಿದರೆ ತೊಂದರೆ ನಿಮಗೂ ತಪ್ಪಿದ್ದಲ್ಲ.

4. ಏಜೆಂಟ್‌ಗೆ ಲಕ್ಷ ಕೊಡಬೇಡಿ. ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ.

ಭಾರತದ ನಿಯಮದಂತೆ ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ಭಾರತ ಸರ್ಕಾರದ ಇಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ಹೆಸರು ಇದೆಯೇ ನೋಡಿ. ನೇಮಕಾತಿ ಖರ್ಚನ್ನು ಉದ್ಯೋಗಿಯ ಮೇಲೆ ಹೇರುವುದನ್ನು ಯುಎಇಯ ಕಾರ್ಮಿಕ ಕಾನೂನೂ ನಿಷೇಧಿಸುತ್ತದೆ. ಪಾಸ್‌ಪೋರ್ಟ್ ಶಾಲೆಯ ಕಪಾಟಿನಲ್ಲಿ ಇಡಬೇಕೆಂದರೆ ವಿನಯದಿಂದಲೇ ಇಲ್ಲ ಎನ್ನಿ. ಅದನ್ನು ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ.

5. ಸೂಟ್‌ಕೇಸ್ ನೀವೇ ತುಂಬಿ.

ಈ ಸೂತ್ರವನ್ನು ಎರಡು ಸಲ ಓದಿ. ಅಮ್ಮ ಉಪ್ಪಿನಕಾಯಿ, ಹಪ್ಪಳ, ಸಾರಿನ ಪುಡಿಯ ನಡುವೆ ಹಬ್ಬದ ಪಾಯಸಕ್ಕೆಂದು ಒಂದು ಸಣ್ಣ ಪೊಟ್ಟಣ ಗಸಗಸೆ ಸೇರಿಸಿರುತ್ತಾರೆ. ಅದನ್ನು ತೆಗೆದಿಡಿ. ಯುಎಇಯಲ್ಲಿ ಗಸಗಸೆ ನಿಷಿದ್ಧ. ಅಫೀಮು ಗಿಡದ ಬೀಜವಾದ್ದರಿಂದ ಅದನ್ನು ಮಾದಕ ವಸ್ತುಗಳ ಸಾಲಿಗೇ ಸೇರಿಸುತ್ತಾರೆ. ಗೊತ್ತಿರಲಿಲ್ಲ ಎಂದರೆ ಏರ್‌ಪೋರ್ಟ್‌ನಲ್ಲಿ ಯಾರೂ ಕೇಳುವುದಿಲ್ಲ. ಗರಂ ಮಸಾಲೆ, ಚಟ್ನಿಪುಡಿ ಮನೆಯಲ್ಲಿ ಮಾಡಿದ್ದಾದರೆ ಅದರಲ್ಲಿ ಗಸಗಸೆ ಬಿದ್ದಿದೆಯೇ ಎಂದು ಕೇಳಿ ತಿಳಿಯಿರಿ. ಪಕ್ಕದ ಮನೆಯವರು "ನಮ್ಮ ಹುಡುಗನಿಗೆ ಕೊಟ್ಟುಬಿಡಿ" ಎಂದು ತಂದ ಕಟ್ಟನ್ನು ಬಿಚ್ಚಿ ನೋಡದೆ ಒಯ್ಯಬೇಡಿ. ಬಿಚ್ಚಿದರೆ ಬೇಸರವಾಗುತ್ತದೆ ಎಂದರೆ ಒಯ್ಯಲೇಬೇಡಿ.

ಔಷಧಿಯೂ ಅಷ್ಟೇ. ಕೊಡೈನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್, ನರನೋವಿಗೆ ಕೊಡುವ ಪ್ರಿಗಾಬಲಿನ್ ಅಲ್ಲಿ ನಿಯಂತ್ರಿತ ಔಷಧಗಳು. ಬೇಕೇ ಬೇಕಾದರೆ ಅಲ್ಲಿನ ಸರ್ಕಾರದಿಂದ ಆನ್‌ಲೈನ್‌ನಲ್ಲಿ ಮುಂಗಡ ಅನುಮತಿ ಪಡೆದು, ಡಾಕ್ಟರ ಚೀಟಿಯ ಜೊತೆ ಒಯ್ಯಿರಿ.

6. ಪಾಠ ಮುಗಿಸಬೇಡಿ, ಕಲಿಕೆ ತೋರಿಸಿ.

ನಮ್ಮಲ್ಲಿ ಒಳ್ಳೆಯ ಟೀಚರ್ ಎಂದರೆ ಪೋರ್ಷನ್ ಮುಗಿಸುವವರು. ಅಲ್ಲಿ ಅದು ಸಾಲದು. ದುಬೈನ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವುದು ಕೆಎಚ್‌ಡಿಎ ಎಂಬ ಸರ್ಕಾರಿ ಪ್ರಾಧಿಕಾರ. ಅದರ ಇನ್‌ಸ್ಪೆಕ್ಷನ್ ತಂಡ ಶಾಲೆಗೆ ಔಟ್‌ಸ್ಟ್ಯಾಂಡಿಂಗ್‌ನಿಂದ ವೆರಿ ವೀಕ್‌ವರೆಗೆ ಆರು ಹಂತಗಳಲ್ಲಿ ಒಂದನ್ನು ಕೊಡುತ್ತದೆ. ಫೀಸ್ ಏರಿಸುವ ಲೆಕ್ಕಕ್ಕೂ ಆ ರೇಟಿಂಗ್ ಬಳಕೆಯಾಗಿದೆ. ಪೂರ್ಣ ತಪಾಸಣೆ ಪ್ರತಿ ವರ್ಷ ನಡೆಯಲೇಬೇಕೆಂದಿಲ್ಲ, ಆದರೆ ಒಳ್ಳೆಯ ಶಾಲೆ ವರ್ಷವಿಡೀ ಆ ಮಟ್ಟದಲ್ಲೇ ನಡೆಯುತ್ತದೆ.

ಇನ್‌ಸ್ಪೆಕ್ಟರ್ ಬಂದರೆ ನಿಮ್ಮ ಮಾತು ಕೇಳುತ್ತಾ ನಿಲ್ಲುವುದಿಲ್ಲ. ಹಿಂದಿನ ಬೆಂಚಿನ ಹುಡುಗನ ಪಕ್ಕ ಕೂತು ಅವನ ನೋಟ್‌ಬುಕ್ ತೆರೆಯುತ್ತಾರೆ. "ಇವತ್ತು ಏನು ಕಲಿತೆ? ಅದು ಯಾಕೆ ಬೇಕು?" ಎಂದು ಅವನನ್ನೇ ಕೇಳುತ್ತಾರೆ. ಪುಟದಲ್ಲಿ ಕೆಂಪು ರೈಟ್ ಮಾರ್ಕ್ ಮತ್ತು "ಗುಡ್" ಮಾತ್ರ ಇದ್ದರೆ ಅಂಕ ಬೀಳದು. ಐದನೇ ಕ್ಲಾಸಿನ ಭಿನ್ನರಾಶಿ ಎಂದಿಟ್ಟುಕೊಳ್ಳಿ. "ಛೇದವನ್ನು 3ರಿಂದ ಗುಣಿಸಿದೆ ಸರಿ, ಅಂಶವನ್ನೂ ಗುಣಿಸಬೇಕಲ್ಲವೇ? ಇದೇ ಲೆಕ್ಕ ಮತ್ತೆ ಮಾಡು" ಎಂಬರ್ಥದ ಒಂದು ಸಾಲು ಬರೆಯಿರಿ. ಅದರ ಕೆಳಗೆ ಆ ಹುಡುಗ ಸರಿಪಡಿಸಿದ ಲೆಕ್ಕ ಇರಲಿ. ಆ ಎರಡು ಸಾಲು ನಿಮ್ಮ ಪೂರ್ತಿ ಪಿಪಿಟಿಗಿಂತ ಹೆಚ್ಚು ಮಾತಾಡುತ್ತವೆ.

ಪ್ರತಿ ಪಾಠಕ್ಕೂ ಮೂರು ಮಟ್ಟದ ವರ್ಕ್‌ಶೀಟ್ ತಯಾರಿಸಿ. ಬೇಗ ಮುಗಿಸಿದವನಿಗೆ ಅದೇ ತರದ ಇನ್ನೂ ಹತ್ತು ಲೆಕ್ಕ ಕೊಡುವುದು ಶಿಕ್ಷೆ. ಗಟ್ಟಿಯಾದ ಒಂದು ಲೆಕ್ಕ ಕೊಡಿ. ವಿಶೇಷ ಅಗತ್ಯವುಳ್ಳ ಮಕ್ಕಳು ಸಾಮಾನ್ಯ ತರಗತಿಯಲ್ಲೇ ಇರುತ್ತಾರೆ. ಅವರ ಯೋಜನೆಯನ್ನು ಸ್ಪೆಷಲ್ ಎಜುಕೇಟರ್ ಜೊತೆ ಕೂತು ಮೊದಲ ವಾರವೇ ಓದಿ. ನನ್ನ ದೃಷ್ಟಿಯಲ್ಲಿ ಗಲ್ಫ್ ಶಾಲೆಗಳಿಂದ ನಮ್ಮ ಶಿಕ್ಷಕರು ಪಡೆಯಬಹುದಾದ ಅತಿ ದೊಡ್ಡ ಲಾಭ ಹೀಗೆ ಪ್ರತಿ ಮಗುವಿಗೆ ತಕ್ಕಂತೆ ಕಲಿಸುವ ಕೌಶಲ. ಸಂಬಳ ಖರ್ಚಾಗುತ್ತದೆ, ಈ ಕೌಶಲ ನಿವೃತ್ತಿಯವರೆಗೂ ನಿಮ್ಮ ಜೊತೆ ಇರುತ್ತದೆ.

7. ಕೈ ಎತ್ತಬೇಡಿ, ಕಿವಿ ಹಿಂಡಬೇಡಿ.

ತಮಾಷೆಗೂ ಬೇಡ. ವದೀಮಾ ಕಾನೂನು ಎಂದೇ ಹೆಸರಾದ 2016ರ ಮಕ್ಕಳ ಹಕ್ಕುಗಳ ಕಾನೂನು ಅಲ್ಲಿ ಬಹಳ ಬಿಗಿ. ಮಗುವಿಗೆ ಮನೆಯಲ್ಲಿ ಹಿಂಸೆಯಾಗುತ್ತಿದೆ ಎಂದು ಅನುಮಾನ ಬಂದರೆ ವರದಿ ಮಾಡುವುದೂ ಟೀಚರ್‌ನ ಕರ್ತವ್ಯ. ಶಾಲೆಯ ಚೈಲ್ಡ್ ಪ್ರೊಟೆಕ್ಷನ್ ಆಫೀಸರ್ ಯಾರು ಎಂದು ಸೇರಿದ ದಿನವೇ ತಿಳಿದುಕೊಳ್ಳಿ.

8. ಮೊಬೈಲ್ ಬಗ್ಗೆ ಎಚ್ಚರ ಇರಲಿ.

ವಾಟ್ಸ್ಆ್ಯಪ್‌ನಲ್ಲಿ ಯಾರನ್ನಾದರೂ ಬೈದರೆ ಅಲ್ಲಿ ಅದು ಅಪರಾಧವಾಗಬಹುದು. ಸಿಟ್ಟು ಬಂದಾಗ ಟೈಪ್ ಮಾಡಬೇಡಿ. ಮಕ್ಕಳ ಫೋಟೊ ನಿಮ್ಮ ಸ್ಟೇಟಸ್‌ಗೆ ಹಾಕಬೇಡಿ. ನಮ್ಮವರ ಒಳ್ಳೆಯ ಗುಣವೊಂದು ಅಲ್ಲಿ ತೊಂದರೆ ತರುತ್ತದೆ: ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೋ ಯಾರದೋ ಆಪರೇಷನ್‌ಗೋ ಗ್ರೂಪ್‌ನಲ್ಲಿ ಚಂದಾ ಎತ್ತುವುದು. ಅನುಮತಿ ಇಲ್ಲದೆ ದೇಣಿಗೆ ಸಂಗ್ರಹ ಅಲ್ಲಿ ಕಾನೂನುಬಾಹಿರ. ಸಹಾಯ ಮಾಡಿ, ನಿಮ್ಮ ಪಾಲನ್ನು ನೀವೇ ನೇರವಾಗಿ ಊರಿಗೆ ಕಳಿಸಿ.

9. ಟ್ಯೂಷನ್ ಮಾಡಿ, ಪರ್ಮಿಟ್ ಪಡೆದು ಮಾಡಿ.

ಮೊದಲು ಮನೆಪಾಠ ಕದ್ದುಮುಚ್ಚಿ ನಡೆಯುತ್ತಿತ್ತು. 2023ರ ಡಿಸೆಂಬರ್‌ನಲ್ಲಿ ಯುಎಇ ಸರ್ಕಾರ ಖಾಸಗಿ ಬೋಧನೆಗೆ ಎರಡು ವರ್ಷದ ಉಚಿತ ಪರ್ಮಿಟ್ ತಂದಿತು. ಶಾಲೆಯಲ್ಲಿ ಕೆಲಸದಲ್ಲಿದ್ದರೆ ಶಾಲೆಯ ಎನ್‌ಒಸಿ ಬೇಕು. ಆದರೆ ನಿಮ್ಮದೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳಬೇಡಿ. ಪೋಷಕರ ನಂಬಿಕೆ ಒಮ್ಮೆ ಹೋದರೆ ಹೋಯಿತು.

10. ಮನೆ ಹುಡುಕುವಾಗ ಬಾಡಿಗೆಯ ಜೊತೆ ಗಂಟೆಯನ್ನೂ ಲೆಕ್ಕ ಹಾಕಿ.

ಶಾರ್ಜಾದಲ್ಲಿ ಬಾಡಿಗೆ ಕಡಿಮೆ, ನಿಜ. ಆದರೆ ದುಬೈನ ಶಾಲೆ ಬೆಳಗ್ಗೆ ಏಳೂವರೆಯ ಹೊತ್ತಿಗೆಲ್ಲ ಶುರುವಾದರೆ, ಶಾರ್ಜಾ-ದುಬೈ ಟ್ರಾಫಿಕ್ ದಾಟಲು ನೀವು ಐದೂವರೆಗೇ ಬಸ್‌ ಹತ್ತಿರ ನಿಂತಿರಬೇಕು. ಖುಸೈಸ್, ಕರಾಮಾದಂಥ ಕಡೆ ಮೆಟ್ರೊ ಹತ್ತಿರ ಒಂದು ರೂಮ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ಲಾಭವೇ. ಉಳಿದ ಗಂಟೆಯಲ್ಲಿ ನಿದ್ದೆ ಮಾಡಿ, ಓದಿ. ದುಬೈನಲ್ಲಾದರೆ ಬಾಡಿಗೆ ಕರಾರು ಎಜಾರಿ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಣಿಯಾಗಿದೆಯೇ, ಶೇರಿಂಗ್ ಆದರೆ ನಿಮ್ಮ ಹೆಸರು ಸೇರಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಬಾಡಿಗೆಗೆ ಮುಂಗಡ ದಿನಾಂಕದ ಚೆಕ್ ಕೊಡಬೇಕಾಗುತ್ತದೆ. ಖಾತೆಯಲ್ಲಿ ಹಣ ಇಲ್ಲದೆ ಚೆಕ್ ಬರೆಯಲೇಬೇಡಿ.

11. ಮೊದಲ ಸಂಬಳಕ್ಕೆ ಮೊದಲೇ ಹಣದ ದಾರಿ ಹಾಕಿ.

ಹೊರಡುವಾಗ ನಿಮ್ಮ ಬ್ಯಾಂಕಿಗೆ ಹೋಗಿ ಸೇವಿಂಗ್ಸ್ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಿ. ಇದು ಫೆಮಾ, ಅಂದರೆ ಭಾರತದ ವಿದೇಶಿ ವಿನಿಮಯ ಕಾನೂನಿನ ನಿಯಮ. ಅಲ್ಲಿಂದ ಕಳಿಸುವ ಉಳಿತಾಯಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ. ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಯುಎಇಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ದಿರ್ಹಮ್ 1997ರಿಂದ ಡಾಲರ್‌ಗೆ 3.6725ರ ದರದಲ್ಲಿ ಕಟ್ಟಿಕೊಂಡಿದೆ. ಹಾಗಾಗಿ ಸಂಬಳ ಏರದಿದ್ದರೂ ರೂಪಾಯಿ ಇಳಿದಾಗ ಊರಿಗೆ ಹೋಗುವ ಮೊತ್ತ ಏರುತ್ತದೆ.

ಸಂಬಳದ ಖಾತೆ ತೆರೆದ ಕೂಡಲೇ ಲೋನ್, ಕ್ರೆಡಿಟ್ ಕಾರ್ಡ್ ಎಂದು ಫೋನ್ ಬರತೊಡಗುತ್ತದೆ. ಸಂಬಳದ 20 ಪಟ್ಟಿನವರೆಗೂ ಪರ್ಸನಲ್ ಲೋನ್ ಕೊಡಲು ಅಲ್ಲಿಯ ನಿಯಮ ಅವಕಾಶ ಕೊಡುತ್ತದೆ. ಬೇಡ ಎನ್ನಿ. ಸಾಲ ಕಟ್ಟದೆ ಕೇಸ್ ಆದರೆ ದೇಶ ಬಿಡದಂತೆ ತಡೆ ಬೀಳಬಹುದು. ಮಗಳ ಮದುವೆಗೂ ಊರಿಗೆ ಬರಲಾಗದ ಸ್ಥಿತಿ ಯಾವ ಟೀಚರ್‌ಗೂ ಬೇಡ. ಖರ್ಚು ಮಾಡಿ ಉಳಿದದ್ದನ್ನು ಊರಿಗೆ ಕಳಿಸುವುದಲ್ಲ. ಸಂಬಳ ಬಂದ ದಿನವೇ ಉಳಿತಾಯ ಕಳಿಸಿ, ಉಳಿದದ್ದರಲ್ಲಿ ಬದುಕಿ. ಅಣ್ಣನ ಮನೆಗೆ, ಅತ್ತಿಗೆಯ ಸೈಟಿಗೆ ಎಷ್ಟು ಕೊಡಬಲ್ಲಿರಿ ಎಂಬುದನ್ನೂ ಮೊದಲೇ ಬಾಯಿಬಿಟ್ಟು ಹೇಳಿ.

12. ಜನರನ್ನು ಸಂಪಾದಿಸಿ.

ರಂಜಾನ್ ತಿಂಗಳಲ್ಲಿ ಶಾಲೆಯ ಸಮಯ ಕಡಿಮೆಯಾಗುತ್ತದೆ. ಉಪವಾಸ ಇರುವ ಮಕ್ಕಳಿಗೆ ಟೆಸ್ಟ್ ಅನ್ನು ಮೊದಲ ಪೀರಿಯಡ್‌ನಲ್ಲಿ ಇಡಿ, ನೀವು ಸ್ಟಾಫ್ ರೂಮಿನಲ್ಲಿ ಊಟ ಮಾಡಿ. ಅರೇಬಿಕ್ ಟೀಚರ್ ಜೊತೆ ದಿನಾ ಎರಡು ಮಾತಾಡಿ, ಅರಬಿ ಅಂಕಿಗಳನ್ನಾದರೂ ಓದಲು ಕಲಿಯಿರಿ. ಡಿಸೆಂಬರ್ 2ರ ರಾಷ್ಟ್ರೀಯ ದಿನದ ಕಾರ್ಯಕ್ರಮಕ್ಕೆ ಹೇಳಿಸಿಕೊಳ್ಳದೆ ಹೆಸರು ಕೊಡಿ. ಶನಿವಾರ-ಭಾನುವಾರ ರೂಮಿನಲ್ಲಿ ಒಬ್ಬರೇ ಕೂತು ಊರಿನ ಚಿಂತೆ ಮಾಡಬೇಡಿ. ಅಬುಧಾಬಿ, ಶಾರ್ಜಾಗಳಲ್ಲಿ ಕರ್ನಾಟಕ ಸಂಘಗಳಿವೆ, ಯಕ್ಷಗಾನ ಕಲಿಸುವವರಿದ್ದಾರೆ. ದುಬೈನಲ್ಲಿ ಅಲ್ಲಿಯೇ ಬೆಳೆಯುತ್ತಿರುವ ಮಕ್ಕಳಿಗೆ ವಾರಾಂತ್ಯದಲ್ಲಿ ಕನ್ನಡ ಕಲಿಸುವ ಪಾಠಶಾಲೆಯೇ ಇದೆ. ನೀವು ಟೀಚರ್. ಒಂದು ವಾರ ಹೋಗಿ, ಅ ಆ ಇ ಈ ಕಲಿಸಿಬನ್ನಿ. ಅಲ್ಲಿ ಸಿಗುವ ಪೋಷಕರಿಂದಲೇ ಮುಂದಿನ ಒಳ್ಳೆಯ ಶಾಲೆಯ ಸುದ್ದಿ ಸಿಗಲೂಬಹುದು.

ಮುಂದಿನ ಶಾಲೆ ಸಿಕ್ಕಾಗ ಅಥವಾ ಊರಿಗೆ ಮರಳುವಾಗ ಒಪ್ಪಂದದಲ್ಲಿರುವ ನೋಟಿಸ್ ಅವಧಿ ಪೂರೈಸಿಯೇ ಬಿಡಿ. ಒಪ್ಪಂದ ಮುಗಿದ 14 ದಿನಗಳೊಳಗೆ ಬಾಕಿ ಸಂಬಳ, ಗ್ರಾಚ್ಯುಯಿಟಿ ಎಲ್ಲ ಕೈಸೇರಬೇಕು ಎಂದು ಕಾನೂನು ಹೇಳುತ್ತದೆ. ಬಾಕಿ ಬಂದಿದೆಯೇ ನೋಡದೆ "ಎಲ್ಲ ಸಂದಾಯವಾಗಿದೆ" ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ವಿದ್ಯುತ್-ನೀರಿನ ಡಿಪಾಸಿಟ್ ವಾಪಸ್ ಪಡೆಯಿರಿ, ಕ್ರೆಡಿಟ್ ಕಾರ್ಡ್ ಮುಚ್ಚಿಸಿ ಬ್ಯಾಂಕಿನಿಂದ ಪತ್ರ ಪಡೆಯಿರಿ. ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್‌ನಲ್ಲಿ ನೀವು ಪಾಠ ಮಾಡಿದ ವಿಷಯ, ತರಗತಿ, ಸೇರಿದ ಮತ್ತು ಬಿಟ್ಟ ದಿನಾಂಕ ಸರಿಯಾಗಿ ಬರೆಸಿ, ಅದರ ಅಟೆಸ್ಟೇಷನ್ ಅನ್ನು ಅಲ್ಲಿಯೇ ಮುಗಿಸಿಕೊಂಡು ವಿಮಾನ ಹತ್ತಿ.