ಅಲರ್ಟ್ ಬರಲಿಲ್ಲ ಅಂತ ನೆಮ್ಮದಿಯಾಗಿರಬೇಡ ಕಣಮ್ಮ

ತುಮಕೂರಿನ ಆಫೀಸಿನಲ್ಲಿ ಸರ್ವರ್ ರೂಮು, ಅದರ ಸ್ಟೋರೇಜು ಎಲ್ಲಾ ನಿನ್ನ ಸುಪರ್ದಿಗೆ ಬಂತಂತೆ. ತೋವಿನಕೆರೆ ತುಂಬಾ ನಿಮ್ಮಪ್ಪ ಹೇಳಿಕೊಂಡು ಓಡಾಡ್ತಿದಾನೆ. ಸಂತೋಷ. ಇದೇ ಕೆಲಸದಲ್ಲಿ ತಲೆ ನರೆಸಿಕೊಂಡವನು ನಾನು, ಒಂದೇ ಒಂದು ಮಾತು ಹೇಳ್ತೀನಿ, ಕೇಳು.

ಭೂಮಿ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋಯಿತು. ಈಗ ಭೂ ಸುರಕ್ಷಾ ಅಂತ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೇ ಕಡತಗಳೂ ಸ್ಕ್ಯಾನ್ ಆಗ್ತಿವೆ. ಕಡತಕ್ಕೆ ಗೆದ್ದಲು ಹಿಡಿದರೆ ಪುಡಿ ಉದುರುತ್ತೆ, ಕಣ್ಣಿಗೆ ಬೀಳುತ್ತೆ. ಡಿಸ್ಕು ಒಳಗೊಳಗೇ ಹಾಳಾದರೆ ಅದೇ ಬಾಯಿಬಿಟ್ಟು ಹೇಳಬೇಕು. ಅದು ಹೇಳಿದ್ದು ನಿನ್ನ ಕಿವಿಗೆ ಬೀಳಬೇಕು. ಇವೆರಡರ ನಡುವೆ ಎಷ್ಟು ಕಡೆ ಮಾತು ತಪ್ಪಿಹೋಗುತ್ತೆ ಅನ್ನೋದನ್ನ ಹೊಸಬರು ಯೋಚಿಸೋದೇ ಇಲ್ಲ.

ಎಸ್‌ಎನ್‌ಎಂಪಿ ಟ್ರ್ಯಾಪ್ ತಗೋ. ಡಿಸ್ಕ್ ಹೋಯಿತು, ಫ್ಯಾನ್ ನಿಂತಿತು ಅಂದರೆ ಸ್ಟೋರೇಜ್ ಪೆಟ್ಟಿಗೆ 162ನೇ ಪೋರ್ಟಿಗೆ ಒಂದು ಸುದ್ದಿ ಎಸೆಯುತ್ತೆ. ಎಸೆಯುತ್ತೆ ಅಷ್ಟೇ. ಅದು ಹೋಗೋದು ಯುಡಿಪಿಯಲ್ಲಿ, ತಲುಪಿತಾ ಅಂತ ಕೇಳೋ ಪದ್ಧತಿ ಅದಕ್ಕಿಲ್ಲ. ಆ ಹೊತ್ತಿಗೆ ಸ್ವಿಚ್ ಕೆಟ್ಟಿದ್ದರೆ ಸುದ್ದಿ ಗಾಳಿಪಾಲು. ತಲುಪಿದ್ದಕ್ಕೆ ಉತ್ತರ ಬೇಕು ಅಂದರೆ ಇನ್‌ಫಾರ್ಮ್ ಹಾಕು. ಜೊತೆಗೆ ನಿನ್ನ ಕಡೆಯಿಂದಲೇ ಐದು ನಿಮಿಷಕ್ಕೊಮ್ಮೆ 161ನೇ ಪೋರ್ಟಿನಲ್ಲಿ 'ಹೆಂಗಿದೀಯಪ್ಪ' ಅಂತ ವಿಚಾರಿಸೋ ಏರ್ಪಾಡು ಇರಲಿ. ಸ್ಟೋರೇಜು, ಸ್ವಿಚ್ಚು, ಅಲರ್ಟ್ ಕಳಿಸೋ ಯಂತ್ರ ಮೂರನ್ನೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿದ್ದರೆ ಇವತ್ತೇ ಬದಲಾಯಿಸು. ನಮ್ಮ ಕಡೆ ಕರೆಂಟಿನ ಕಥೆ ನಿನಗೆ ನಾನು ಹೇಳಬೇಕಾ?

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಗೆ ಆದದ್ದನ್ನ ಮಾತ್ರ ಮರೀಬೇಡ. ಅವರ ಇಂಜಿನಿಯರ್ ಒಬ್ಬ ತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ಟ. ಬ್ಯಾಕಪ್ ಇದೆಯಲ್ಲ ಅಂತ ಹೋಗಿ ನೋಡಿದರೆ ಅದು ಖಾಲಿ. ಬ್ಯಾಕಪ್ ಮಾಡೋ ಸಾಫ್ಟ್‌ವೇರಿನ ಆವೃತ್ತಿ ಡೇಟಾಬೇಸಿಗೆ ಹೊಂದದೆ ಬ್ಯಾಕಪ್ ಪ್ರತಿ ಸಲವೂ ಫೇಲಾಗ್ತಿತ್ತು. ಫೇಲಾಯಿತು ಅಂತ ಇ-ಮೇಲ್ ಕೂಡ ಹೊರಡ್ತಿತ್ತು. ಆದರೆ ಆ ಮೇಲ್‌ಗೆ ಸರಿಯಾದ ಸಹಿ ಇಲ್ಲ ಅಂತ ಮೇಲ್ ಸರ್ವರ್ ಬಾಗಿಲಲ್ಲೇ ತಿರಸ್ಕರಿಸ್ತಿತ್ತು. ಯಾರ ಪೆಟ್ಟಿಗೆಗೂ ಒಂದೂ ಬೀಳಲಿಲ್ಲ. ಎಲ್ಲ ಸರಿಯಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಕೊನೆಗೆ ಸುಮಾರು ಆರು ಗಂಟೆಯ ಡೇಟಾ ಕೈಬಿಟ್ಟೇ ಹೋಯಿತು. ಅಂಥ ದೊಡ್ಡ ಕಂಪನಿಯ ಕಥೆಯೇ ಇದು.

ಸಣ್ಣ ಆಫೀಸಿನಲ್ಲೂ ಇದೇ ಹಾಡು. 2022ರ ಮೇ 30ರಿಂದ ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಜಿಮೇಲ್ ಬಳಸೋ ಯಂತ್ರಗಳನ್ನ ಗೂಗಲ್ ತಡೀತು. ಹಾಗೆ ಹೊಂದಿಸಿಟ್ಟ ಅಲರ್ಟ್‌ಗಳು ಅವತ್ತೇ ಮೂಗಾದವು. ಹಾಕಿಕೊಟ್ಟು ಹೋದವನು ಇನ್ನೆಲ್ಲೋ ಕೆಲಸದಲ್ಲಿರ್ತಾನೆ, ಪೆಟ್ಟಿಗೆ ಮಾತ್ರ ಮೂಲೆಯಲ್ಲಿ ಹಳದಿ ದೀಪ ಮಿಟುಕಿಸ್ತಾ ಕೂತಿರುತ್ತೆ. ಕೀ ಕೀ ಅಂತ ಬಜರ್ ಕೂಗಿದರೆ ಯಾರೋ ಮ್ಯೂಟ್ ಒತ್ತಿ ಹೋಗ್ತಾರೆ. ಅದು ಯಾಕೆ ಕೂಗ್ತು ಅಂತ ಕೇಳೋರಿಲ್ಲ.

ಅದಕ್ಕೇ ಹೇಳೋದು, ದಿನಾ ಬೆಳಿಗ್ಗೆ 'ಎಲ್ಲಾ ಸರಿಯಿದೆ' ಅನ್ನೋ ಒಂದು ಮೇಲ್ ಬರೋ ಹಾಗೆ ಮಾಡಿಕೋ. ಮಳೆಗಾಲದಲ್ಲಿ ನೀರುಗಂಟಿ ಬಂದು ಏರಿ ಭದ್ರವಾಗಿದೆ ಅಂತ ಹೇಳಿಹೋಗ್ತಿದ್ದನಲ್ಲ, ಅವನು ಬಾರದ ದಿನವೇ ಊರವರು ಎದ್ದು ಹೋಗಿ ನೋಡ್ತಿದ್ದರು. ಹಂಗೆ.

ಹಾಗಂತ ಎಲ್ಲದಕ್ಕೂ ಫೋನ್ ಬಾರಿಸೋ ಹಾಗೆ ಇಡಬೇಡ. ಶಾಖ ಒಂದು ಡಿಗ್ರಿ ಏರಿದ್ದಕ್ಕೂ ಮೆಸೇಜು, ಡಿಸ್ಕ್ ಸತ್ತಿದ್ದಕ್ಕೂ ಮೆಸೇಜು ಅಂದರೆ ವಾರದೊಳಗೆ ಎರಡನ್ನೂ ಓದದೆ ಅಳಿಸ್ತೀಯ. ರಾತ್ರಿ ಎಬ್ಬಿಸೋದು ರೇಡ್ ಡಿಗ್ರೇಡ್ ಆದದ್ದಕ್ಕೆ, ಕಂಟ್ರೋಲರ್ ಹೋದದ್ದಕ್ಕೆ, ಪೆಟ್ಟಿಗೆ ಉತ್ತರ ಕೊಡದೇ ಇದ್ದದ್ದಕ್ಕೆ ಮಾತ್ರ. ಉಳಿದದ್ದು ಬೆಳಗಿನ ಮೇಲ್‌ನಲ್ಲಿರಲಿ. ಅದರಲ್ಲಿ ಡಿಸ್ಕಿನ ಆರೋಗ್ಯ ಹೇಳೋ ಸ್ಮಾರ್ಟ್ ಪಟ್ಟಿಯ 5 ಮತ್ತು 197ನೇ ಸಾಲು ತಪ್ಪದೆ ನೋಡು. ನಿನ್ನೆ ಸೊನ್ನೆ ಇದ್ದ ಪೆಂಡಿಂಗ್ ಸೆಕ್ಟರ್ ಇವತ್ತು 8 ಆಗಿದ್ದರೆ ಬದಲಿ ಡಿಸ್ಕಿಗೆ ಇಂಡೆಂಟ್ ಹಾಕು. ಪಟ್ಟಿ ಚೆನ್ನಾಗಿದೆ ಅಂತ ಮೈಮರೀಬೇಡ. 2007ರಲ್ಲಿ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಮೀರಿದ ಡಿಸ್ಕುಗಳ ಅಧ್ಯಯನ ಪ್ರಕಟಿಸಿದರು ನೋಡು, ಸತ್ತವುಗಳಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಸ್ಮಾರ್ಟ್‌ನ ಮುಖ್ಯ ಸೂಚನೆಗಳಲ್ಲಿ ಒಂದನ್ನೂ ಕೊಡದೆಯೇ ಸತ್ತಿದ್ದವು.

ಒಂದು ಡಿಸ್ಕ್ ಹೋದರೂ ರೇಡ್-5 ನಡೆಸುತ್ತೆ, ನಿಜ. ಆದರೆ 8 ಟಿ.ಬಿ. ಡಿಸ್ಕನ್ನ ಸೆಕೆಂಡಿಗೆ 150 ಎಂ.ಬಿ. ಲೆಕ್ಕದಲ್ಲಿ ತುಂಬಿಸಿದರೂ ಸುಮಾರು ಹದಿನೈದು ಗಂಟೆ ಬೇಕು. ಅಷ್ಟರಲ್ಲಿ ಜೊತೆಯದು ಹೋದರೆ ಮುಗೀತು. ಒಂದೇ ದಿನ ಕೊಂಡ ಡಿಸ್ಕುಗಳು ಒಟ್ಟಿಗೇ ಹೋಗೋದೂ ಉಂಟು. 2019ರಲ್ಲಿ ಎಚ್‌ಪಿಇ ತನ್ನ ಕೆಲವು ಎಸ್‌ಎಸ್‌ಡಿಗಳು ಫರ್ಮ್‌ವೇರ್ ದೋಷದಿಂದ ಸರಿಯಾಗಿ 32,768 ಗಂಟೆ ಓಡಿದ ಮೇಲೆ ಸಾಯ್ತವೆ ಅಂತ ತಾನೇ ಪ್ರಕಟಿಸಿತು.

ಸೋಮವಾರ ಹೋದ ಕೂಡಲೇ ಒಂದು ಟೆಸ್ಟ್ ಟ್ರ್ಯಾಪ್, ಒಂದು ಟೆಸ್ಟ್ ಮೇಲ್ ಕಳಿಸು. ನಿನ್ನ ಮೊಬೈಲಿಗೆ ಬಂದು ಬಿತ್ತೋ ಸರಿ. ಇಲ್ಲವೋ, ಅವತ್ತಿನ ಬೇರೆ ಕೆಲಸವೆಲ್ಲ ಪಕ್ಕಕ್ಕಿಟ್ಟು ಅದನ್ನ ಮೊದಲು ಸರಿಮಾಡು.