ಪಾರಣೆಯ ಎಲೆ ಮತ್ತು ಹೃದಯದ ಆರೋಗ್ಯ

ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ ಎಂದು ಬಾಹ್ಯತಪಸ್ಸು ಆರು ವಿಧ. ಇವುಗಳಲ್ಲಿ ಅನಶನಕ್ಕೆ ದೊರೆಯುವ ಆದರವು ಅವಮೌದರ್ಯ, ರಸಪರಿತ್ಯಾಗಗಳಿಗೆ ನಮ್ಮಲ್ಲಿ ದೊರೆಯುತ್ತಿಲ್ಲ. ಚತುರ್ದಶಿಯಂದು ಉಪವಾಸವಿದ್ದವರು ಮರುದಿನದ ಪಾರಣೆಯಲ್ಲಿ ಪಾಯಸ, ಹೋಳಿಗೆ, ಪಾನಕಗಳನ್ನು ಮಿತಿಮೀರಿ ಸೇವಿಸುವುದುಂಟು. ಇದು ವಿಚಾರಣೀಯ ವಿಷಯ.

2025ರ ಬೇಸಗೆಯ ಕೊನೆಯಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳೊಳಗೆ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತರಾದರೆಂಬ ವಾರ್ತೆ ಬಾಗೂರಿನಂತಹ ಗ್ರಾಮಗಳನ್ನೂ ಕಳವಳಗೊಳಿಸಿತು. ಸರಕಾರ ನೇಮಿಸಿದ ತಜ್ಞರ ಸಮಿತಿಯು ಮರಣಸಂಖ್ಯೆಯಲ್ಲಿ ಅಸಹಜವಾದ ಏರಿಕೆಯಿಲ್ಲವೆಂದು ತಿಳಿಸಿತು. ಆದರೆ ಧೂಮಪಾನ, ಮದ್ಯಪಾನ, ರಕ್ತದೊತ್ತಡಗಳೊಡನೆ ಮಧುಮೇಹವನ್ನೂ ಅಪಾಯಕಾರಣವಾಗಿ ಎಣಿಸಿತು.

ಮಧುಮೇಹಕ್ಕೆ ಮುಂಚಿನ ಒಂದು ಅವಸ್ಥೆಯುಂಟು, ಅದೇ ಪೂರ್ವಮಧುಮೇಹ. ರಾತ್ರಿ ಉಣ್ಣದೆ ಬೆಳಿಗ್ಗೆ ಪರೀಕ್ಷಿಸಿದ ರಕ್ತದಲ್ಲಿ ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂ ಸಕ್ಕರೆಯಿದ್ದರೆ ಅದು ಇದರ ಲಕ್ಷಣ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 13 ಕೋಟಿ 60 ಲಕ್ಷ ಜನರು ಈ ಸ್ಥಿತಿಯಲ್ಲಿದ್ದಾರೆ. ಬಹುಮಟ್ಟಿಗೆ ನೋವಿಲ್ಲ, ದಣಿವಿಲ್ಲ. ಆದರೂ ಒಳಗೆ ಹಾನಿ ತೊಡಗಿರಬಹುದು.

ಈ ಸ್ಥಿತಿಯಲ್ಲಿ ಇನ್ಸುಲಿನ್ ರಸದ ಆಜ್ಞೆಗೆ ಜೀವಕೋಶಗಳು ಸರಿಯಾಗಿ ಓಗೊಡುವುದಿಲ್ಲ. ರಕ್ತನಾಳಗಳ ಒಳಪೊರೆ ಕೆಟ್ಟು ಅವುಗಳ ಹಿಗ್ಗುವ ಗುಣ ಕುಂದುತ್ತದೆ. ಹೃದಯದ ಸ್ನಾಯು ಸಕ್ಕರೆಯನ್ನು ಚೆನ್ನಾಗಿ ಬಳಸಲಾರದೆ ಕೊಬ್ಬನ್ನೇ ಹೆಚ್ಚು ಉರಿಸುತ್ತದೆ. ಅಷ್ಟೇ ಕೆಲಸಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಕಾಲಕ್ರಮದಲ್ಲಿ ಸ್ನಾಯು ಬಿಗಿಯಬಹುದು. ಆಗ ಹೃದಯದ ಸಂಕೋಚನ ಸರಿಯಿದ್ದರೂ ವಿಕಾಸ ಸಾಲದು. ರಕ್ತ ಪೂರ್ಣವಾಗಿ ತುಂಬದು. ವಿಂಧ್ಯಗಿರಿಯ ಮೆಟ್ಟಿಲೇರುವಾಗ ಹಿಂದಿಲ್ಲದ ಏದುಸಿರು ಕಂಡುಬಂದರೆ ಅದನ್ನು ಕೇವಲ ವಯೋಧರ್ಮವೆಂದು ಕಡೆಗಣಿಸಬಾರದು.

ಸಮಾಧಾನದ ಸಂಗತಿಯೆಂದರೆ, ಮಿತಾಹಾರ, ನಿತ್ಯದ ನಡಿಗೆ, ತೂಕದ ಇಳಿಕೆಗಳಿಂದ ಅನೇಕರಲ್ಲಿ ಈ ಸ್ಥಿತಿ ಹಿಂದಕ್ಕೆ ಸರಿಯುತ್ತದೆ. ಹಸಿವಿಗಿಂತ ಕಡಿಮೆ ಉಣ್ಣುವುದು ಅವಮೌದರ್ಯ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದು ರಸಪರಿತ್ಯಾಗ. ಯಾವಜ್ಜೀವದ ಯಮ ಕಷ್ಟವೆನಿಸಿದರೆ ಚಾತುರ್ಮಾಸದ ಮಟ್ಟಿಗಾದರೂ ಬೆಲ್ಲ, ಸಕ್ಕರೆಗಳನ್ನು ಬಿಡುವ ನಿಯಮ ಕೈಗೊಳ್ಳಬಹುದು.

ಒಂದು ಎಚ್ಚರಿಕೆ: ಇನ್ಸುಲಿನ್ ಚುಚ್ಚಿಸಿಕೊಳ್ಳುವವರೂ ಮಧುಮೇಹದ ಮಾತ್ರೆ ಸೇವಿಸುವವರೂ ವೈದ್ಯರನ್ನು ಕೇಳದೆ ನಿರ್ಜಲೋಪವಾಸ ಕೈಗೊಳ್ಳಬಾರದು. ರಕ್ತದ ಸಕ್ಕರೆ ಹಠಾತ್ತನೆ ಕುಸಿದು ಪ್ರಾಣಾಪಾಯ ಒದಗೀತು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ತಕ್ಕಂತೆ ಎಂದೇ ವಿಧಿಸಲಾಗಿದೆ.

ತಪಸ್ಸಿನ ಗುರಿ ಕರ್ಮನಿರ್ಜರೆ, ಔಷಧೋಪಚಾರವಲ್ಲ. ಆದರೆ ಸಾಮಾಯಿಕ, ಸ್ವಾಧ್ಯಾಯಗಳಿಗೆ ಸಾಧನವಾದ ದೇಹವನ್ನು ನಾಲಗೆಯ ಚಪಲಕ್ಕೆ ಬಲಿಗೊಡುವುದು ವ್ರತಿಕರಿಗೆ ಸಲ್ಲದು. ಉಪವಾಸದ ದಿನ ಗೆದ್ದ ನಾಲಗೆಗೆ ಪಾರಣೆಯ ದಿನ ಸೋಲದಿರೋಣ.