ಕಂಪ್ಯೂಟರಿಗೆ ಯಾಕೆ ಮಂಕು ಕವಿಯುತ್ತೆ?



ಕಂಪ್ಯೂಟರ್ ನಿಧಾನವಾದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು: “ವೈರಸ್ ಬಂದಿದೆ.” ನಮ್ಮೂರಲ್ಲಿ ಮಗು ಅತ್ತರೆ ಸಾಕು, “ದೃಷ್ಟಿ ಆಗಿದೆ” ಅನ್ನುತ್ತಾರಲ್ಲ, ಹಾಗೆ. ಒಮ್ಮೊಮ್ಮೆ ಮಗುವಿಗೆ ಹಸಿವಾಗಿರುತ್ತೆ ಅಷ್ಟೆ! ಕಂಪ್ಯೂಟರಿಗೂ ಮೊದಲು ಕಾಯಿಲೆ ಯಾವುದು ಅಂತ ನೋಡಬೇಕು, ಔಷಧಿ ಆಮೇಲೆ.

ಕಂಪ್ಯೂಟರಿನಲ್ಲಿ ಎರಡು ಬಗೆಯ ಜಾಗಗಳಿವೆ. ಹಾರ್ಡ್ ಡಿಸ್ಕ್ ಎಂದರೆ ಮನೆಯ ಬೀರು ಇದ್ದಂತೆ, ಎಲ್ಲ ಸಾಮಾನೂ ಅಲ್ಲಿರುತ್ತದೆ. ರ‍್ಯಾಮ್ ಎಂದರೆ ನಾವು ಬರೆಯಲು ಕೂರುವ ಮೇಜು. ಮೇಜು ಚಿಕ್ಕದಾಗಿದ್ದು ಪುಸ್ತಕ ಜಾಸ್ತಿಯಾದರೆ ಏನು ಮಾಡ್ತೀವಿ? ಒಂದನ್ನು ಬೀರುವಿಗೆ ಇಟ್ಟು ಇನ್ನೊಂದನ್ನು ತರುತ್ತೇವೆ. ಕಂಪ್ಯೂಟರೂ ಇದನ್ನೇ ಮಾಡುತ್ತದೆ. ಹೀಗೆ ಓಡಾಡುವುದರಲ್ಲೇ ಅದರ ಹೊತ್ತು ಕಳೆಯುತ್ತದೆ, ನಮಗೆ ಪರದೆ ಕಲ್ಲಿನ ಹಾಗೆ ನಿಂತುಬಿಟ್ಟಂತೆ ಕಾಣುತ್ತದೆ. ಫ್ಯಾನಿನಲ್ಲಿ ದೂಳು ತುಂಬಿದರೂ ಹೀಗಾಗುತ್ತೆ, ಯಾಕೆಂದರೆ ಬಿಸಿ ಹೆಚ್ಚಾದಾಗ ಪ್ರೊಸೆಸರ್ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಹಾರ್ಡ್ ಡಿಸ್ಕ್ ‘ಟಕ್ ಟಕ್’ ಎಂದು ಸದ್ದು ಮಾಡುತ್ತಿದ್ದರೆ ಮಾತ್ರ ಬೇರೇನೂ ಯೋಚಿಸದೆ ಮೊದಲು ಫೈಲುಗಳನ್ನು ನಕಲು ಮಾಡಿಕೊಳ್ಳಿ. ಅದು ಸಾಯುವ ಸೂಚನೆ.

ಯಾವುದು ಕಾರಣ ಎಂದು ನೋಡಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವ ಪ್ರೋಗ್ರಾಂ ಎಷ್ಟು ತಿನ್ನುತ್ತಿದೆ ಅಂತ ಅಲ್ಲಿ ಕಾಣುತ್ತೆ. ನಾವು ಏನನ್ನೂ ತೆರೆಯದೆ ಸುಮ್ಮನೆ ಕೂತಿರುವಾಗಲೂ ಅರ್ಥವಿಲ್ಲದ ಅಕ್ಷರಗಳ ಹೆಸರಿನದು ಯಾವುದೋ ಪ್ರೊಸೆಸರನ್ನೆಲ್ಲ ನುಂಗುತ್ತಿದ್ದರೆ ಆಗ ಅನುಮಾನ ಪಡಬೇಕು. ಆಂಟಿವೈರಸ್ ತಾನಾಗಿ ಆಫ್ ಆಗಿರುವುದು, ಬ್ರೌಸರ್ ತೆರೆದರೆ ನಾವು ಕೇಳದ ಪುಟ ಬರುವುದು, ಇವೂ ಲಕ್ಷಣಗಳೇ.

ಇಂಥ ಕೆಟ್ಟ ಪ್ರೋಗ್ರಾಂಗಳಿಗೆಲ್ಲ ಒಟ್ಟಾಗಿ ಮಾಲ್‌ವೇರ್ ಎಂದು ಹೆಸರು. ಇದೂ ಮನುಷ್ಯರೇ ಬರೆದದ್ದು, ತಾನಾಗಿ ಹುಟ್ಟಿದ್ದಲ್ಲ. ಐ.ಬಿ.ಎಂ. ಮಾದರಿಯ ಪಿ.ಸಿ.ಗಳಿಗೆ ಮೊದಲು ಹರಡಿದ ವೈರಸ್ ‘ಬ್ರೈನ್’. 1986ರಲ್ಲಿ ಪಾಕಿಸ್ತಾನದ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಎಂಬ ಅಣ್ಣತಮ್ಮಂದಿರು ಅದನ್ನು ಬರೆದರು. ತಮ್ಮ ಸಾಫ್ಟ್‌ವೇರನ್ನು ಜನ ಕದ್ದು ನಕಲು ಮಾಡಬಾರದು ಎಂಬುದು ಅವರ ಉದ್ದೇಶವಾಗಿತ್ತಂತೆ. ತಮಾಷೆ ಎಂದರೆ ವೈರಸ್ಸಿನೊಳಗೆ ತಮ್ಮ ವಿಳಾಸ, ಫೋನ್ ನಂಬರನ್ನೂ ಬರೆದಿದ್ದರು! ಅದು ಫ್ಲಾಪಿಯಿಂದ ಫ್ಲಾಪಿಗೆ ಹರಡುತ್ತಿತ್ತು, ಫ್ಲಾಪಿಯನ್ನು ನಿಧಾನ ಮಾಡುತ್ತಿತ್ತು. ಈಗಿನವರು ವಿಳಾಸ ಬರೆಯುವುದಿಲ್ಲ. ಅವರಿಗೆ ಬೇಕಾದ್ದು ದುಡ್ಡು. ನಮ್ಮ ಕಂಪ್ಯೂಟರಿನಿಂದ ಸಾವಿರಾರು ಜನಕ್ಕೆ ಕೆಟ್ಟ ಇ-ಮೇಲ್ ಕಳಿಸುವುದು, ಕ್ರಿಪ್ಟೋ ನಾಣ್ಯದ ಲೆಕ್ಕ ಮಾಡಿಸುವುದು, ಪಾಸ್‌ವರ್ಡ್ ಕದಿಯುವುದು ಹೀಗೆ. ಕರೆಂಟು ನಮ್ಮದು, ಲಾಭ ಅವರದು.

ಫ್ಲಾಪಿ ಹೋಯ್ತು, ಪೆನ್ ಡ್ರೈವ್ ಬಂತು. ಮೊದಮೊದಲು ಪೆನ್ ಡ್ರೈವ್ ಚುಚ್ಚಿದ ಕೂಡಲೇ ಅದರೊಳಗಿನ ಪ್ರೋಗ್ರಾಂ ತಾನಾಗಿ ಓಡಲು ವಿಂಡೋಸ್ ಅವಕಾಶ ಕೊಡುತ್ತಿತ್ತು. ಇದಕ್ಕೆ ಆಟೋರನ್ ಅಂತಾರೆ. 2008ರಲ್ಲಿ ಬಂದ ಕಾನ್‌ಫಿಕರ್ ಎಂಬ ಹುಳು ಈ ದಾರಿಯನ್ನೂ ಬಳಸಿತು. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಈ ಬಾಗಿಲನ್ನು ಮುಚ್ಚಿತು. ಆಮೇಲೆ ಹುಳುಗಳು ಬೇರೆ ಉಪಾಯ ಹೂಡಿದವು: ನಮ್ಮ ಕೈಯಲ್ಲೇ ಕ್ಲಿಕ್ ಮಾಡಿಸುವುದು.

ಅದು ಹೇಗೆ ಅಂತ ಬನಶಂಕರಿಯಲ್ಲಿರುವ ನಮ್ಮ ಸೋದರತ್ತೆಯ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ತಿಳಿಯುತ್ತದೆ. ಅವರ ಮಗಳು, ನಾನು ಅಕ್ಕ ಅಂತ ಕರೆಯುವವಳು, ಹೇಳಿದ್ದನ್ನೇ ಬರೆಯುತ್ತಿದ್ದೇನೆ. 2019ರಲ್ಲಿ ಅವಳ ಡಿಪ್ಲೊಮಾ ಕೊನೆಯ ವರ್ಷ. ಪ್ರಾಜೆಕ್ಟ್ ವರದಿಯನ್ನು ಪ್ರಿಂಟ್ ಹಾಕಿಸಲು ಪೆನ್ ಡ್ರೈವ್ ತೆಗೆದುಕೊಂಡು ಒಂದು ಜೆರಾಕ್ಸ್ ಅಂಗಡಿಗೆ ಹೋಗಿದ್ದಳು. ಮನೆಗೆ ಬಂದು ನೋಡಿದರೆ ಎಲ್ಲ ಫೋಲ್ಡರುಗಳ ಮೂಲೆಯಲ್ಲೂ ಚಿಕ್ಕ ಬಾಣದ ಗುರುತು! ಅವು ಫೋಲ್ಡರುಗಳಲ್ಲ, ಶಾರ್ಟ್‌ಕಟ್‌ಗಳು. (ಪಕ್ಕದ ಚಿತ್ರ ನೋಡಿ.) ಕ್ಲಿಕ್ ಮಾಡಿದರೆ ಹುಳು ಓಡುತ್ತದೆ, ಜೊತೆಗೆ ಫೋಲ್ಡರೂ ತೆರೆಯುತ್ತದೆ. ಅದಕ್ಕೇ ಯಾರಿಗೂ ಸಂಶಯ ಬರೋದಿಲ್ಲ. ಎರಡು ದಿನದಲ್ಲಿ ಕಂಪ್ಯೂಟರ್ ಐದೈದು ನಿಮಿಷಕ್ಕೆ ನಿಂತುಬಿಡಲು ಶುರುವಾಯ್ತು. ಪೆನ್ ಡ್ರೈವಿನಲ್ಲಿ ವರದಿಯ ಜೊತೆ ತೀರಿಕೊಂಡ ಅಜ್ಜಿಯ ಫೋಟೋಗಳೂ ಇದ್ದವು, ಬೇರೆಲ್ಲೂ ಅದರ ನಕಲು ಇರಲಿಲ್ಲ. ವರದಿ ಕೊಡಲು ನಾಲ್ಕೇ ದಿನ ಉಳಿದಿತ್ತು.

ರಿಪೇರಿಯವರು, “ಎರಡನ್ನೂ ಫಾರ್ಮ್ಯಾಟ್ ಮಾಡ್ಬೇಕಮ್ಮ, ಒಳಗಿದ್ದದ್ದು ಹೋಯ್ತು ಅಂದ್ಕೊಳ್ಳಿ” ಎಂದರಂತೆ. ಅಕ್ಕ ಒಪ್ಪಲಿಲ್ಲ. ಬಿ.ಟಿ.ಎಂ. ಲೇಔಟಿನ ಅವಳ ಗೆಳತಿ ಬಂದು ಒಂದು ಸರಳ ಪ್ರಶ್ನೆ ಕೇಳಿದಳು: “ಪೆನ್ ಡ್ರೈವಿನಲ್ಲಿ ಎಷ್ಟು ಜಾಗ ತುಂಬಿದೆ ನೋಡಿದ್ಯಾ?” ಪ್ರಾಪರ್ಟೀಸ್ ತೆರೆದರೆ 3 ಜಿ.ಬಿ. ತುಂಬಿದೆ ಎಂದು ತೋರಿಸಿತು. ಶಾರ್ಟ್‌ಕಟ್ ಒಂದೊಂದೂ ಒಂದೆರಡು ಕೆ.ಬಿ. ಹಾಗಾದರೆ ಉಳಿದದ್ದು ಏನು? ಅಂದರೆ ಫೋಟೋ, ವರದಿ ಎಲ್ಲೂ ಹೋಗಿಲ್ಲ, ಬಚ್ಚಿಟ್ಟಿದೆ ಅಷ್ಟೆ. ನನಗೆ ಇಡೀ ಕಥೆಯಲ್ಲಿ ಇಷ್ಟವಾದದ್ದು ಈ ಲೆಕ್ಕವೇ.

ಅಕ್ಕ ಅದಾಗಲೇ ಎರಡು ಸಲ ಶಾರ್ಟ್‌ಕಟ್‌ಗಳನ್ನು ಅಳಿಸಿದ್ದಳು, ಒಂದೇ ನಿಮಿಷದಲ್ಲಿ ಮತ್ತೆ ಬಂದಿದ್ದವು. ಹುಳುವಿನ ಗೂಡು ಕಂಪ್ಯೂಟರಿನಲ್ಲೇ ಇದೆ ಎಂದು ಅದರಿಂದ ತಿಳಿಯಿತು. ಗೂಡು ಬಿಟ್ಟು ಹುಳು ಹೊಡೆದರೆ ಏನು ಬಂತು? ಹಾಗಾಗಿ ಮೊದಲು ಪೆನ್ ಡ್ರೈವ್ ತೆಗೆದಿಟ್ಟರು, ಇಂಟರ್‌ನೆಟ್ ವೈರನ್ನು ಕಿತ್ತರು. ಗೆಳತಿ ತನ್ನ ಮನೆಯಲ್ಲಿ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರನ್ನು ಇಳಿಸಿ ಸಿ.ಡಿ.ಗೆ ಬರೆದು ತಂದಿದ್ದಳು. ಬರೆದು ಮುಗಿಸಿದ ಸಿ.ಡಿ.ಯೊಳಗೆ ಹುಳು ನುಸುಳುವಂತಿಲ್ಲ ನೋಡಿ! (ಈ ಸ್ಕ್ಯಾನರ್ ಇಳಿಸಿದ 10 ದಿನ ಮಾತ್ರ ನಡೆಯುತ್ತೆ, ಆಮೇಲೆ ಹೊಸದು ಇಳಿಸಬೇಕು.) ಅವರದು ವಿಂಡೋಸ್ 7. ಆನ್ ಮಾಡುವಾಗ ಎಫ್ 8 ಒತ್ತುತ್ತಾ ಹೋದರೆ ಸೇಫ್ ಮೋಡ್ ಸಿಗುತ್ತದೆ. ವಿಂಡೋಸ್ 10, 11ರಲ್ಲಾದರೆ ಶಿಫ್ಟ್ ಒತ್ತಿಕೊಂಡೇ ರೀಸ್ಟಾರ್ಟ್ ಕ್ಲಿಕ್ ಮಾಡಿ ಆ ದಾರಿಯಲ್ಲಿ ಹೋಗಬೇಕು. ಸೇಫ್ ಮೋಡಿನಲ್ಲಿ ಅತ್ಯಗತ್ಯವಾದವು ಮಾತ್ರ ಏಳುತ್ತವೆ, ಹುಳು ಸಾಮಾನ್ಯವಾಗಿ ಏಳುವುದಿಲ್ಲ. ಸ್ಟಾರ್ಟಪ್ ಪಟ್ಟಿಯಲ್ಲಿದ್ದ ಒಂದು ವಿಚಿತ್ರ ಹೆಸರಿನ ಟಿಕ್ ಮಾರ್ಕ್ ತೆಗೆದು ಪೂರ್ತಿ ಸ್ಕ್ಯಾನ್ ಹಾಕಿದರು. ಬೆಳಿಗ್ಗೆ ಹಾಕಿದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು.

ಆಮೇಲೆ ಪೆನ್ ಡ್ರೈವಿನ ಸರದಿ. ಅದನ್ನೂ ಸ್ಕ್ಯಾನ್ ಮಾಡಿ, ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಡಗಿದ ಫೈಲುಗಳನ್ನು ತೋರಿಸುವಂತೆ ಬದಲಾಯಿಸಿ, ಸಿಸ್ಟಂ ಫೈಲುಗಳನ್ನು ಅಡಗಿಸುವ ಟಿಕ್ ಮಾರ್ಕನ್ನೂ ತೆಗೆದಾಗ ಫೋಲ್ಡರುಗಳು ಮಸುಕಾಗಿ ಕಾಣಿಸಿದವು. ವರದಿಯನ್ನೂ ಫೋಟೋಗಳನ್ನೂ ಮಾತ್ರ ನಕಲು ಮಾಡಿಕೊಂಡರು, ಪ್ರೋಗ್ರಾಂಗಳನ್ನು ಮುಟ್ಟಲಿಲ್ಲ. ಅಜ್ಜಿಯ ಫೋಟೋಗಳನ್ನು ಅವತ್ತೇ ಎರಡು ಸಿ.ಡಿ.ಗೆ ಬರೆದರು, ಒಂದು ನಮ್ಮ ಮನೆಯಲ್ಲಿದೆ. ಪಾಸ್‌ವರ್ಡುಗಳನ್ನು ಗೆಳತಿಯ ಲ್ಯಾಪ್‌ಟಾಪಿನಲ್ಲಿ ಬದಲಾಯಿಸಿದರು. ಕಾಯಿಲೆ ಬಿದ್ದ ಯಂತ್ರದಲ್ಲೇ ಬದಲಾಯಿಸಿದರೆ ಹೊಸದನ್ನೂ ಕಳ್ಳ ಓದಿಬಿಡಬಹುದು.

ಇಷ್ಟಾದರೂ ಕಂಪ್ಯೂಟರ್ ಅರ್ಧ ಮಾತ್ರ ಚುರುಕಾಯಿತು! ಉಳಿದರ್ಧಕ್ಕೆ ಕಾರಣ ಬೇರೆ: ರ‍್ಯಾಮ್ 2 ಜಿ.ಬಿ. ಮಾತ್ರ ಇತ್ತು, ಫ್ಯಾನಿನಲ್ಲಿ ಅಂಗೈಯಷ್ಟು ದೂಳು. ಮಾವ ಎಸ್.ಪಿ. ರಸ್ತೆಯಿಂದ ಇನ್ನೊಂದು 2 ಜಿ.ಬಿ. ತಂದು ಹಾಕಿಸಿದ ಮೇಲೆ ಸರಿಹೋಯ್ತು.

ಇನ್ನು ಕೆಲವು ಮಾತು. ಎರಡು ಆಂಟಿವೈರಸ್ ಹಾಕಬೇಡಿ, ಒಂದನ್ನೊಂದು ಅನುಮಾನಿಸಿ ಜಗಳಕ್ಕೆ ಬೀಳುತ್ತವೆ. “ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ವೈರಸ್ ಇದೆ, ಈ ನಂಬರಿಗೆ ಫೋನ್ ಮಾಡಿ” ಎಂದು ಪರದೆ ಮೇಲೆ ಬಂದರೆ ಅದೇ ಮೋಸ. ಬ್ಯಾಂಕಿನ ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದವರು ಹುಳು ತೆಗೆಯುವ ಸಾಧನಗಳನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಪುಕ್ಕಟೆ ಎಂದು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಳ್ಳುವುದು ಮಾತ್ರ ಹುಳುವನ್ನು ತಾಂಬೂಲ ಕೊಟ್ಟು ಕರೆದಂತೆ.

ಗುರುಗಳಲ್ಲಿ ಒಂದು ವಿನಂತಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿದಿದೆ. ಹಳೆಯ ಯಂತ್ರಗಳನ್ನು ಎಸೆಯುವ ಮೊದಲು ಲಿನಕ್ಸ್ ಹಾಕಿ ನೋಡಬಹುದು. ವಿಂಡೋಸಿಗೆಂದು ಬರೆದ ಹುಳುಗಳು ಸಾಮಾನ್ಯವಾಗಿ ಅದರಲ್ಲಿ ಓಡುವುದಿಲ್ಲ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಅದನ್ನೇ ಬಳಸುತ್ತಿವೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ನಮ್ಮ ಲ್ಯಾಬಿನ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿರುವ ಎರಡು ಕಂಪ್ಯೂಟರುಗಳಲ್ಲಿ ಒಂದನ್ನು ಒಂದು ಶನಿವಾರ ಮಧ್ಯಾಹ್ನ ತೆರೆದು ನೋಡೋಣವೇ ಸಾರ್? ಬ್ರಷ್ಷು, ಸ್ಕ್ರೂಡ್ರೈವರ್ ನಾವು ತರುತ್ತೇವೆ.